ಪಕ್ಕದಲ್ಲಿ ಕೂತಿರುವ ಜೀನ್

ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್ ಅಂತ ಮಣ್ಣಲ್ಲಿರುವ ಒಂದು ಬ್ಯಾಕ್ಟೀರಿಯಾ ಇದೆ. ಜೆಲ್ಲಿಯಂಥ ಅಗಾರ್ ತುಂಬಿದ ತಟ್ಟೆಯ ಮೇಲೆ ಬೆಳೆಸಿದರೆ ಮೊದಲು ಮಾಸಲು ಬಣ್ಣದ ಸಣ್ಣ ಚುಕ್ಕೆಗಳು ಕಾಣುತ್ತವೆ. ಆಮೇಲೆ ಅವುಗಳ ಮೇಲೆ ಬೂದು ಬಣ್ಣದ ಬೀಜಕಣಗಳು ಪುಡಿಪುಡಿಯಾಗಿ ಏಳುತ್ತವೆ. ಅಷ್ಟೊತ್ತಿಗೆ ಸುತ್ತಲಿನ ಅಗಾರ್‌ಗೆಲ್ಲ ಗಾಢ ನೀಲಿ ಇಳಿದಿರುತ್ತದೆ. ಆ ನೀಲಿಯೇ ಆಕ್ಟಿನೊರೋಡಿನ್, ಒಂದು ಆಂಟಿಬಯೋಟಿಕ್. ಮಳೆಗೆ ನೆನೆದ ಮಣ್ಣಿನ ವಾಸನೆ ಇದೆಯಲ್ಲ, ಅದಕ್ಕೆ ಕಾರಣವಾದ ಜಿಯೋಸ್ಮಿನ್ ಅನ್ನೂ ಇದು ತಯಾರಿಸುತ್ತದೆ.

ಇಂಗ್ಲೆಂಡಿನ ಡೇವಿಡ್ ಹಾಪ್‌ವುಡ್ 1950ರ ದಶಕದಿಂದಲೇ ಈ ಬ್ಯಾಕ್ಟೀರಿಯಾದ ಹಿಂದೆ ಬಿದ್ದಿದ್ದರು. ಸ್ಟ್ರೆಪ್ಟೊಮೈಸಿಸ್‌ಗಳ ಜೆನೆಟಿಕ್ಸ್ ಅಂತ ಇವತ್ತು ನಾವು ಓದುವುದರಲ್ಲಿ ಬಹುಪಾಲು ಇದರ ಮೇಲೆ ಮಾಡಿದ ಕೆಲಸ. ಅಂದರೆ ಇಷ್ಟು ಚೆನ್ನಾಗಿ ಗೊತ್ತಿದ್ದ ಮಣ್ಣಿನ ಜೀವಿ ಇನ್ನೊಂದು ಸಿಗುವುದು ಕಷ್ಟ. ಅದು ಮಾಡುವ, ಆಂಟಿಬಯೋಟಿಕ್‌ನಂಥ ವಿಶೇಷ ಅಣುಗಳು ಯಾವುವು ಅಂತ ಕೇಳಿದ್ದರೆ ಬೆರಳೆಣಿಕೆಯಷ್ಟು ಹೆಸರು ಹೇಳುತ್ತಿದ್ದರು. 2002ರಲ್ಲಿ ಅದರ ಪೂರ್ತಿ ಜೀನೋಮ್ ಪ್ರಕಟವಾಯಿತು. 86 ಲಕ್ಷಕ್ಕೂ ಜಾಸ್ತಿ ಡಿಎನ್‌ಎ ಅಕ್ಷರಗಳು, 7,825 ಜೀನ್‌ಗಳು. ಬ್ರೆಡ್ ಉಬ್ಬಿಸುವ ಯೀಸ್ಟ್‌ಗೆ ಇರುವುದೇ ಸುಮಾರು 6,000. ಈ ಜೀನ್‌ಗಳ ನಡುವೆ ವಿಶೇಷ ಅಣುಗಳನ್ನು ಕಟ್ಟುವ 20ಕ್ಕೂ ಹೆಚ್ಚು ಕ್ಲಸ್ಟರ್‌ಗಳು, ಅಂದರೆ ಜೀನ್‌ಗಳ ಗುಂಪುಗಳು, ಸಿಕ್ಕಿದವು. ಅಷ್ಟು ವರ್ಷ ಕಣ್ಣೆದುರೇ ಇದ್ದ ಜೀವಿ. ಅದರ ಬಹುಪಾಲು ಕೆಲಸ ಯಾರಿಗೂ ಗೊತ್ತೇ ಇರಲಿಲ್ಲ.

ನಾನು ಈ ಕ್ಷೇತ್ರಕ್ಕೆ ಬಂದಿದ್ದು ಕೆಮಿಸ್ಟ್ರಿ ಕಡೆಯಿಂದ. ನಮಗೆ ಅಣು ಮೊದಲು. ಸೋಸಿ, ಬೇರ್ಪಡಿಸಿ, ಬಾಟಲಿಯಲ್ಲಿ ಇಟ್ಟುಕೊಂಡ ಮೇಲೆ ಅದು ಎಲ್ಲಿಂದ ಬಂತು ಅನ್ನುವ ಪ್ರಶ್ನೆ. ಜೀನೋಮ್ ಕಡೆಯವರಿಗೆ ಉಲ್ಟಾ. ಅವರ ಕೈಯಲ್ಲಿ ಮೊದಲು ಇರುವುದು ಜೀನ್‌ಗಳು, ಅಣುವನ್ನು ಇನ್ನೂ ಯಾರೂ ನೋಡಿರುವುದಿಲ್ಲ. ಈ ಉಲ್ಟಾ ದಾರಿಯ ಬಗ್ಗೆಯೇ ಈ ಬರಹ. ಅದರಲ್ಲೂ ಪಕ್ಕದಲ್ಲಿ ಕೂತ ಒಂದು ಜೀನ್ ಕೊಡುವ ಸಣ್ಣ ಸುಳಿವಿನ ಬಗ್ಗೆ. ಉಳಿದ ಎಲ್ಲ ಸುಳಿವುಗಳಿಗಿಂತ ಅದಕ್ಕೇ ಬೆಲೆ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ.

ಮೊದಲು ಕ್ಲಸ್ಟರ್ ಅಂದರೇನು ಅಂತ ಹೇಳಿಬಿಡುತ್ತೇನೆ. ಒಂದು ಆಂಟಿಬಯೋಟಿಕ್ ಅಣುವನ್ನು ಒಂದೇ ಎಂಜೈಮ್ ಕಟ್ಟುವುದಿಲ್ಲ. ಒಂದು ಚೌಕಟ್ಟು ಹಾಕುತ್ತದೆ, ಇನ್ನೊಂದು ಆಮ್ಲಜನಕ ಸೇರಿಸುತ್ತದೆ, ಮತ್ತೊಂದು ಸಕ್ಕರೆ ಅಂಟಿಸುತ್ತದೆ, ತಯಾರಾದ ಅಣುವನ್ನು ಜೀವಕೋಶದಿಂದ ಆಚೆ ತಳ್ಳುವುದಕ್ಕೆ ಬೇರೆ ಪ್ರೋಟೀನ್ ಇರುತ್ತದೆ. ಬ್ಯಾಕ್ಟೀರಿಯಾದಲ್ಲಿ, ಬೂಸ್ಟಿನಲ್ಲಿ, ಈ ಎಲ್ಲದರ ಜೀನ್‌ಗಳು ಸಾಮಾನ್ಯವಾಗಿ ಡಿಎನ್‌ಎ ಮೇಲೆ ಅಕ್ಕಪಕ್ಕದಲ್ಲೇ ಇರುತ್ತವೆ. ಪೆನಿಸಿಲಿನ್ನನ್ನೇ ತಗೊಳ್ಳಿ. ಅದರ ಮುಖ್ಯ ಎಂಜೈಮ್‌ಗಳ ಮೂರು ಜೀನ್‌ಗಳು ಪೆನಿಸಿಲಿಯಂ ಬೂಸ್ಟಿನಲ್ಲಿ ಒಂದೇ ಕಡೆ ಸಾಲಾಗಿವೆ. ಹೀಗೆ ಒಟ್ಟಿಗೆ ಇರುವುದರಿಂದಲೇ ಈ ಕೆಲಸ ಸಾಧ್ಯವಾಗಿದೆ. ಒಂದು ಜೀನ್ ಗುರುತು ಸಿಕ್ಕಿದರೆ ಅದರ ಆಚೀಚೆ ಕಣ್ಣು ಹಾಯಿಸಿದರೆ ಸಾಕು, ಉಳಿದವೂ ಸಿಗುತ್ತವೆ.

ಕೆಲವು ಕ್ಲಸ್ಟರ್‌ಗಳನ್ನು ಓದಿ ಅಣುವಿನ ಆಕಾರವನ್ನೇ ಊಹಿಸಬಹುದು. ಎನ್‌ಆರ್‌ಪಿಎಸ್ ಅಂತ ಕರೆಯುವ ದೈತ್ಯ ಎಂಜೈಮ್‌ಗಳಿವೆ. ಇವು ಅಮೈನೋ ಆಮ್ಲಗಳನ್ನು ಮಣಿ ಪೋಣಿಸಿದ ಹಾಗೆ ಒಂದಾದ ಮೇಲೊಂದು ಜೋಡಿಸುತ್ತವೆ. ಪ್ರತಿ ಮಣಿಗೂ ಎಂಜೈಮಿನಲ್ಲಿ ಅದರದ್ದೇ ಒಂದು ಭಾಗ ಇರುತ್ತದೆ, ಅದಕ್ಕೆ ಮಾಡ್ಯೂಲ್ ಅನ್ನುತ್ತಾರೆ. ಮಾಡ್ಯೂಲಿನ ಒಳಗೆ ಅಮೈನೋ ಆಮ್ಲ ಬಂದು ಕೂರುವ ಒಂದು ಪುಟ್ಟ ಜಾಗ ಇರುತ್ತದೆ. ಆ ಜಾಗದ ಗೋಡೆಯಲ್ಲಿ ಏನೇನಿದೆ ಅಂತ ನೋಡಿದರೆ ಅಲ್ಲಿ ಯಾರು ಕೂರುತ್ತಾರೆ ಅಂತ ಹೇಳಬಹುದು ಅಂತ 1990ರ ದಶಕದ ಕೊನೆಗೆ ಗೊತ್ತಾಯಿತು. ಎರಿತ್ರೊಮೈಸಿನ್ ಅನ್ನುವ ಆಂಟಿಬಯೋಟಿಕ್ ಮಾಡುವ ಎಂಜೈಮ್‌ಗಳದ್ದು ಇದೇ ತರಹದ ಇನ್ನೊಂದು ಕತೆ. ಮೂರು ದೈತ್ಯ ಪ್ರೋಟೀನ್, ಅವುಗಳಲ್ಲಿ ಆರು ಮಾಡ್ಯೂಲ್. ಅವುಗಳ ಕ್ರಮ ಹೇಗಿದೆಯೋ ಅಣುವಿನ ಸರಪಳಿಯೂ ಹಾಗೇ ಬೆಳೆಯುತ್ತದೆ.

ಸೀಲಿಕಲರ್‌ನಲ್ಲಿ ಅಂಥ ಒಂದು ಎನ್‌ಆರ್‌ಪಿಎಸ್ ಇತ್ತು. ಮೂರು ಮಾಡ್ಯೂಲ್. 2000ದಲ್ಲಿ ಗ್ರೆಗರಿ ಚಾಲಿಸ್ ಮತ್ತು ಜಾಕ್ ರಾವೆಲ್ ಅದನ್ನು ಓದಿ, ಇದು ಮೂರು ಅಮೈನೋ ಆಮ್ಲಗಳ ಒಂದು ಅಣು ಮಾಡುತ್ತಿರಬೇಕು, ಅದು ಕಬ್ಬಿಣವನ್ನು ಹಿಡಿದು ತರುವ ಅಣು ಇರಬೇಕು ಅಂತ ಬರೆದರು. ಸೀಲಿಕೆಲಿನ್ ಅಂತ ಹೆಸರೂ ಇಟ್ಟರು. ಅಣುವನ್ನು ಆಗ ಯಾರೂ ನೋಡಿರಲಿಲ್ಲ! 2005ರಲ್ಲಿ ಚಾಲಿಸ್ ತಂಡದವರು ಬ್ಯಾಕ್ಟೀರಿಯಾವನ್ನು ಕಬ್ಬಿಣ ಕಡಿಮೆ ಇರುವ ದ್ರವದಲ್ಲಿ ಬೆಳೆಸಿದರು. ಜೊತೆಗೆ ಆ ಜೀನ್ ಕೆಡಿಸಿದ ತಳಿಯನ್ನೂ ಬೆಳೆಸಿ ಎರಡನ್ನೂ ಹೋಲಿಸಿದರು. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಅಣು ಸಿಕ್ಕಿತು. ಕಬ್ಬಿಣ ಹಿಡಿಯುವುದು ನಿಜ. ಆದರೆ ಅದರಲ್ಲಿ ಇದ್ದದ್ದು ಮೂರಲ್ಲ, ನಾಲ್ಕು ಅಮೈನೋ ಆಮ್ಲ. ಮಾಡ್ಯೂಲ್ ಮೂರೇ, ಅಂದರೆ ಅವುಗಳಲ್ಲಿ ಒಂದು ಎರಡು ಸಲ ಕೆಲಸ ಮಾಡಿರಬೇಕು. ಜೀನೋಮ್ ಓದಿ ಎಷ್ಟು ದೂರ ಹೋಗಬಹುದು, ಎಲ್ಲಿ ನಿಂತು ಪ್ರಯೋಗಶಾಲೆಗೆ ವಾಪಸ್ ಬರಲೇಬೇಕು ಅನ್ನುವುದಕ್ಕೆ ಹೊಸಬರು ಯಾರೇ ಕೇಳಿದರೂ ನಾನು ಹೇಳುವುದು ಇದೇ ಉದಾಹರಣೆ.

ಇಷ್ಟೆಲ್ಲ ಯಾಕೆ ಬೇಕು, ಹಳೆ ದಾರಿಯಲ್ಲಿ ಏನು ತೊಂದರೆ ಅಂತ ಕೇಳಬಹುದು. ಹಳೆ ದಾರಿ ಕೊಟ್ಟಿದ್ದು ಕಮ್ಮಿ ಏನಲ್ಲ. 1928ರಲ್ಲಿ ಪೆನಿಸಿಲಿನ್, 1943ರಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಶಾಲೆಯಲ್ಲಿ ಆಲ್ಬರ್ಟ್ ಶಾಟ್ಜ್ ಹುಡುಕಿದ ಸ್ಟ್ರೆಪ್ಟೊಮೈಸಿನ್, ಆಮೇಲೆ ಎರಡು ದಶಕ ಸಾಲು ಸಾಲಾಗಿ ಆಂಟಿಬಯೋಟಿಕ್‌ಗಳು. ಮಣ್ಣು ತಂದು, ಬ್ಯಾಕ್ಟೀರಿಯಾ ಬೆಳೆಸಿ, ಪಕ್ಕದಲ್ಲಿ ರೋಗಾಣು ಹರಡಿ, ಸಾಯುತ್ತದಾ ನೋಡಿದರೆ ಆಯ್ತು. ತೊಂದರೆ ಅಂದರೆ, ಮತ್ತೆ ಮತ್ತೆ ಅದೇ ಅಣು ಸಿಗುವುದಕ್ಕೆ ಶುರುವಾಯಿತು. ಮಣ್ಣಿನ ಆಕ್ಟಿನೊಮೈಸೀಟ್‌ಗಳಲ್ಲಿ, ಅಂದರೆ ಸ್ಟ್ರೆಪ್ಟೊಮೈಸಿಸ್‌ಗಳೂ ಸೇರುವ ಬ್ಯಾಕ್ಟೀರಿಯಾ ಗುಂಪಿನಲ್ಲಿ, ಸುಮಾರು 100ಕ್ಕೆ ಒಂದು ಸ್ಟ್ರೆಪ್ಟೊಮೈಸಿನ್ ಮಾಡುತ್ತದೆ ಅಂತ ಅಂದಾಜು. ಅಪರೂಪದ್ದು ಬೇಕೆಂದರೆ ಈ ಮಾಮೂಲಿಗಳನ್ನೆಲ್ಲ ದಾಟಿ ಹೋಗಬೇಕು. ತಿಂಗಳುಗಟ್ಟಲೆ ಬೇರ್ಪಡಿಸಿದ್ದು ಕೊನೆಗೆ ಯಾರೋ 1950ರ ದಶಕದಲ್ಲಿ ಬರೆದಿಟ್ಟ ಅಣು ಅಂತ ಗೊತ್ತಾದಾಗ ಆಗುವ ಸಂಕಟ ಈ ಕೆಲಸ ಮಾಡಿದವರಿಗೆಲ್ಲ ಗೊತ್ತು. ದೊಡ್ಡ ದೊಡ್ಡ ಔಷಧ ಕಂಪನಿಗಳು ಈ ದಾರಿ ಬಿಟ್ಟಿದ್ದಕ್ಕೆ ಇದೂ ಒಂದು ಕಾರಣ. ಜೀನೋಮ್ ಮೊದಲು ಓದಿದರೆ ಆ ಅಣುವಿನ ಜೀನ್‌ಗಳು ಇಲ್ಲಿವೆಯಾ ಅಂತ ಕೆಲಸ ಶುರು ಮಾಡುವ ಮುಂಚೆಯೇ ನೋಡಿಕೊಳ್ಳಬಹುದು.

ಈಗ ಅದು ತುಂಬ ಸುಲಭ. 2011ರಿಂದ ಆಂಟಿಸ್ಮ್ಯಾಶ್ ಅನ್ನುವ ತಂತ್ರಾಂಶ ಉಚಿತವಾಗಿ ಸಿಗುತ್ತಿದೆ. ಜೀನೋಮ್ ಹಾಕಿದರೆ ಸ್ವಲ್ಪ ಹೊತ್ತಲ್ಲಿ ಕ್ಲಸ್ಟರ್‌ಗಳನ್ನೆಲ್ಲ ಗುರುತು ಮಾಡಿ ಕೊಡುತ್ತದೆ. ಜೀನ್‌ಗಳು ಬಣ್ಣದ ಬಾಣಗಳಾಗಿ ಸಾಲಾಗಿ ಕಾಣುತ್ತವೆ. ಚೌಕಟ್ಟು ಕಟ್ಟುವ ಮುಖ್ಯ ಜೀನ್‌ಗಳಿಗೆ ಒಂದು ಬಣ್ಣ, ಅಣುವನ್ನು ತಿದ್ದುವ ಜೀನ್‌ಗಳಿಗೆ ಇನ್ನೊಂದು, ಸಾಗಿಸುವ ಜೀನ್‌ಗಳಿಗೆ ಮತ್ತೊಂದು. ಅಂಚಿನಲ್ಲಿ ಬೂದು ಬಾಣಗಳು, ಅಂದರೆ ಇವು ಏನು ಅಂತ ಗೊತ್ತಿಲ್ಲದವು. ಮೊದಲ ಸಲ ನೋಡಿದವರಿಗೆ ಖುಷಿ ತಡೆಯುವುದಕ್ಕೇ ಆಗುವುದಿಲ್ಲ, ಅಷ್ಟು ಸಮೃದ್ಧವಾಗಿ ಕಾಣುತ್ತದೆ.

ಇಲ್ಲೇ ನನಗೆ ಒಂದು ಬೇಸರ ಇದೆ. ಎಷ್ಟೋ ಲೇಖನಗಳು ಇಲ್ಲಿಗೇ ನಿಂತುಬಿಡುತ್ತವೆ. ಹೊಸ ಜೀವಿ, ಅದರ ಜೀನೋಮ್, ಇಷ್ಟು ಕ್ಲಸ್ಟರ್, ಅದರಲ್ಲಿ ಇಷ್ಟು ಯಾವುದಕ್ಕೂ ಹೋಲುವುದಿಲ್ಲ, ಆದ್ದರಿಂದ ಇದು ಹೊಸ ಔಷಧಗಳ ಭಂಡಾರ. ಭಂಡಾರ ಅಂತ ಹೇಳುವುದಕ್ಕೆ ಯಾರಾದರೂ ಒಂದಾದರೂ ಅಣುವನ್ನು ತೆಗೆದು ತೋರಿಸಬೇಕಲ್ವಾ? ಎಣಿಕೆ ಸುಲಭ, ಯಂತ್ರವೇ ಎಣಿಸಿ ಕೊಡುತ್ತದೆ. ಕ್ಲಸ್ಟರ್ ಇದೆ ಅಂದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಅಂತಲ್ಲ, ಕೆಲಸ ಮಾಡಿದರೂ ಆ ಅಣು ನಮಗೆ ಬೇಕಾದದ್ದು ಅಂತಲ್ಲ. ಇನ್ನೊಂದು ಮಾತು. ಈ ತಂತ್ರಾಂಶ ಹುಡುಕುವುದು ನಮಗೆ ಈಗಾಗಲೇ ಪರಿಚಯ ಇರುವ ತರಹದ ಜೀನ್‌ಗಳನ್ನು. ಪರಿಚಯವೇ ಇಲ್ಲದ ತರಹದ್ದು ಇದ್ದರೆ ಅದರ ಮೇಲೆ ಬಣ್ಣ ಬೀಳುವುದೇ ಇಲ್ಲ.

ಕ್ಲಸ್ಟರ್‌ಗಳು ಅಣು ತಯಾರಿಸದೆ ಸುಮ್ನೆ ಮಲಗಿರುವುದು ಈ ಕ್ಷೇತ್ರದ ಬಹು ದೊಡ್ಡ ತಲೆನೋವು. ಪ್ರಯೋಗಶಾಲೆಯಲ್ಲಿ ಬ್ಯಾಕ್ಟೀರಿಯಾಗೆ ಬೇಕಾದಷ್ಟು ಊಟ, ಹದವಾದ ಬಿಸಿ, ಅಕ್ಕಪಕ್ಕ ಶತ್ರು ಯಾರೂ ಇಲ್ಲ. ಅಂಥ ಕಡೆ ವಿಷ ತಯಾರಿಸುವ ಖರ್ಚು ಅದಕ್ಕೆ ಯಾಕೆ? ಎಬ್ಬಿಸುವುದಕ್ಕೆ ಜನ ಏನೇನೋ ಮಾಡಿದ್ದಾರೆ. ಜರ್ಮನಿಯ ಯೇನಾದಲ್ಲಿ ಕ್ರಿಸ್ಟಿಯನ್ ಹೆರ್ಟ್‌ವೆಕ್ ತಂಡ ಆಮ್ಲಜನಕ ಸಹಿಸದ ಒಂದು ಕ್ಲಾಸ್ಟ್ರಿಡಿಯಂಗೆ ಮಣ್ಣಿನ ಸಾರ ಬೆರೆಸಿತು. ಅದರ ಜೀನೋಮಿನಲ್ಲಿ ಕ್ಲಸ್ಟರ್‌ಗಳು ಇದ್ದರೂ ಅಲ್ಲಿಯವರೆಗೆ ಒಂದು ಅಣುವೂ ಕಂಡಿರಲಿಲ್ಲ. ಮಣ್ಣಿನ ಸಾರ ಕೊಟ್ಟ ಮೇಲೆ 2010ರಲ್ಲಿ ಕ್ಲಾಸ್ಥಿಯೊಅಮೈಡ್ ಅನ್ನುವ ಆಂಟಿಬಯೋಟಿಕ್ ಹೊರಗೆ ಬಂತು. ಗಂಧಕ ತುಂಬಿದ, ಅದುವರೆಗೆ ಯಾರೂ ನೋಡಿರದ ತರಹದ ಅಣು. ಅದನ್ನು ಕಟ್ಟುವ ಜೀನ್‌ಗಳು ಮಾಮೂಲಿ ಎನ್‌ಆರ್‌ಪಿಎಸ್ ಅಲ್ಲ ಅಂತ ಗೊತ್ತಾಗಿದ್ದು ಇನ್ನೂ ಎಷ್ಟೋ ವರ್ಷದ ಮೇಲೆ. ಬಣ್ಣ ಬೀಳದ ಬಾಣಗಳು ಅಂತ ಹೇಳಿದೆನಲ್ಲ, ಅಂಥವು.

ಬೂಸ್ಟುಗಳ ಕತೆ ಇದಕ್ಕಿಂತ ಚೆಂದ. 2009ರಲ್ಲಿ, ಅದೂ ಯೇನಾದಲ್ಲೇ, ಆಸ್ಪರ್‌ಜಿಲಸ್ ನಿಡುಲನ್ಸ್ ಅನ್ನುವ ಬೂಸ್ಟನ್ನು 58 ಬೇರೆ ಬೇರೆ ಮಣ್ಣಿನ ಬ್ಯಾಕ್ಟೀರಿಯಾಗಳ ಜೊತೆ ಒಂದೊಂದಾಗಿ ಬೆಳೆಸಿ ನೋಡಿದರು. ಅವುಗಳಲ್ಲಿ ಒಂದೇ ಒಂದು ಸ್ಟ್ರೆಪ್ಟೊಮೈಸಿಸ್ ಬೂಸ್ಟಿನೊಳಗೆ ಮಲಗಿದ್ದ ಒಂದು ಕ್ಲಸ್ಟರನ್ನು ಎಬ್ಬಿಸಿತು. ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಮಾತ್ರ ಹಾಕಿದರೆ ಸಾಲಲಿಲ್ಲ. ಎರಡೂ ಮೈಗೆ ಮೈ ತಾಗಿಸಿ ಇರಬೇಕಿತ್ತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾದ ಎಳೆಗಳು ಬೂಸ್ಟಿನ ಎಳೆಗಳಿಗೆ ಅಂಟಿಕೊಂಡಿದ್ದು ಕಂಡಿತು. ನೂರಾರು ರಾಸಾಯನಿಕ ಸುರಿದು ಎಬ್ಬಿಸುವುದಕ್ಕಿಂತ, ಆ ಜೀವಿ ಮಣ್ಣಲ್ಲಿ ಯಾರ ಜೊತೆ ಬದುಕುತ್ತದೆ ಅಂತ ಕೇಳುವುದು ಒಳ್ಳೆಯದು ಅಂತ ಆವಾಗಿನಿಂದ ನನಗೆ ಗಟ್ಟಿಯಾಗಿ ಅನ್ನಿಸಿದೆ.

ಸರಿ, ಮಲಗಿದ್ದನ್ನು ಎಬ್ಬಿಸಬಹುದು. ಇಲ್ಲ ಜೀನ್‌ಗಳನ್ನು ಎತ್ತಿ ಯೀಸ್ಟಿಗೋ ಬೇರೆ ಬ್ಯಾಕ್ಟೀರಿಯಾಗೋ ಹಾಕಿ ಅಲ್ಲಿ ಅಣು ಮಾಡಿಸಬಹುದು. ಎರಡೂ ಕಷ್ಟದ, ದುಡ್ಡಿನ, ವರ್ಷಗಟ್ಟಲೆ ಹಿಡಿಯುವ ಕೆಲಸ. ಒಂದು ಜೀವಿಯಲ್ಲಿ 30 ಕ್ಲಸ್ಟರ್, ಅಂಥ ಸಾವಿರಾರು ಜೀವಿಗಳ ಜೀನೋಮ್ ಕೈಯಲ್ಲಿದೆ. ಯಾವುದರ ಹಿಂದೆ ಹೋಗುವುದು? ನನ್ನ ಮಟ್ಟಿಗೆ ಇಡೀ ಕ್ಷೇತ್ರದಲ್ಲಿ ಇದೇ ನಿಜವಾದ ಪ್ರಶ್ನೆ, ಮತ್ತು ಮೊದಲೇ ಹೇಳಿದ ಸಣ್ಣ ಸುಳಿವು ಕೆಲಸಕ್ಕೆ ಬರುವುದು ಇಲ್ಲಿ.

ವಿಷ ತಯಾರಿಸುವವನು ಮೊದಲು ತಾನು ಬದುಕಬೇಕು. ಒಂದು ಬೂಸ್ಟು ಯಾವುದೋ ಎಂಜೈಮನ್ನು ಕಟ್ಟಿಹಾಕುವ ಅಣು ಮಾಡುತ್ತದೆ ಅಂದುಕೊಳ್ಳಿ. ಆ ಎಂಜೈಮ್ ಬೂಸ್ಟಿಗೂ ಬೇಕಾದದ್ದಾದರೆ ತನ್ನದೇ ಅಣುವಿಗೆ ತಾನೇ ಬಲಿಯಾಗುತ್ತದೆ. ಹಾಗಾಗಿ ಎಷ್ಟೋ ಜೀವಿಗಳು ಆ ಎಂಜೈಮಿನ ಎರಡನೇ ಪ್ರತಿಯನ್ನು ಇಟ್ಟುಕೊಂಡಿರುತ್ತವೆ. ಸ್ವಲ್ಪ ಬದಲಾದ, ವಿಷ ತಾಗದ ಪ್ರತಿ. ಅದರ ಜೀನ್ ಇರುವುದು ಎಲ್ಲಿ? ಅಣು ಕಟ್ಟುವ ಜೀನ್‌ಗಳ ಪಕ್ಕದಲ್ಲೇ, ಅದೇ ಕ್ಲಸ್ಟರಿನಲ್ಲಿ. ಮೈಕೊಫಿನೋಲಿಕ್ ಆಮ್ಲ ಅಂತ ಒಂದು ಔಷಧ ಇದೆ, ಅಂಗ ಕಸಿ ಮಾಡಿಸಿಕೊಂಡವರ ದೇಹ ಹೊಸ ಅಂಗವನ್ನು ತಿರಸ್ಕರಿಸದಿರಲಿ ಅಂತ ಕೊಡುವುದು. ಅದು ಹಿಡಿಯುವುದು ಐಎಂಪಿಡಿಎಚ್ ಅನ್ನುವ ಎಂಜೈಮನ್ನು. ಅದನ್ನು ತಯಾರಿಸುವ ಪೆನಿಸಿಲಿಯಂ ಬೂಸ್ಟಿನ ಕ್ಲಸ್ಟರಿನಲ್ಲಿ ಐಎಂಪಿಡಿಎಚ್‌ನ ಇನ್ನೊಂದು ಪ್ರತಿ ಕೂತಿದೆ. ಕೊಲೆಸ್ಟ್ರಾಲ್ ಇಳಿಸುವ ಲೊವಾಸ್ಟಾಟಿನ್ ಕ್ಲಸ್ಟರಿನಲ್ಲೂ ಹಾಗೇ, ಆ ಔಷಧ ಹಿಡಿಯುವ ಎಂಜೈಮನ್ನೇ ಹೋಲುವ ಜೀನ್ ಒಂದಿದೆ.

ಅಂದರೆ ಆ ಪಕ್ಕದ ಜೀನ್ ನೋಡಿದರೆ, ಅಣು ಹೇಗಿದೆ ಅಂತ ಗೊತ್ತಿಲ್ಲದಿದ್ದರೂ ಅದು ಏನನ್ನು ಹಿಡಿಯುತ್ತದೆ ಅಂತ ಹೇಳಬಹುದು. ಉಳಿದ ಬಾಣಗಳೆಲ್ಲ ಅಣುವಿನ ಆಕಾರದ ಬಗ್ಗೆ ಹೇಳುತ್ತವೆ. ಇದೊಂದು ಮಾತ್ರ ಅದರ ಕೆಲಸದ ಬಗ್ಗೆ ಹೇಳುತ್ತದೆ.

2018ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಯಿ ಟ್ಯಾಂಗ್ ಮತ್ತು ಸ್ಟೀವನ್ ಜೇಕಬ್‌ಸೆನ್ ತಂಡಗಳು ಇದನ್ನು ಹಿಡಿದು ಮಾಡಿದ ಕೆಲಸವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅವರಿಗೆ ಬೇಕಿದ್ದದ್ದು ಹೊಸ ತರಹದ ಕಳೆನಾಶಕ. ಇರುವ ಕಳೆನಾಶಕಗಳಿಗೆ ಕಳೆಗಳು ಒಗ್ಗಿಕೊಳ್ಳುತ್ತಿವೆ, ಹೊಸ ಗುರಿ ಬೇಕು. ಸಸ್ಯಗಳಲ್ಲಿ ಡಿಎಚ್‌ಎಡಿ ಅನ್ನುವ ಎಂಜೈಮ್ ಇದೆ. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಅನ್ನುವ ಅಮೈನೋ ಆಮ್ಲಗಳ ತಯಾರಿಗೆ ಅದು ಬೇಕೇ ಬೇಕು. ಮನುಷ್ಯರಿಗೆ, ಪ್ರಾಣಿಗಳಿಗೆ ಈ ಎಂಜೈಮ್ ಇಲ್ಲವೇ ಇಲ್ಲ, ನಾವು ಆ ಅಮೈನೋ ಆಮ್ಲಗಳನ್ನು ಊಟದಿಂದ ಪಡೆಯುತ್ತೇವೆ. ಹಾಗಾಗಿ ಗುರಿ ಅಂದರೆ ಇಂಥದ್ದೇ ಇರಬೇಕು. ಆದರೆ ಗಿಡದ ಒಳಗೆ ಹೋಗಿ ಡಿಎಚ್‌ಎಡಿಯನ್ನು ಸರಿಯಾಗಿ ಕಟ್ಟಿಹಾಕುವ ಅಣು ಯಾರ ಕೈಯಲ್ಲೂ ಇರಲಿಲ್ಲ.

ಅವರು ಅಣು ಹುಡುಕಲಿಲ್ಲ. ಬೂಸ್ಟುಗಳ ಜೀನೋಮ್‌ಗಳನ್ನು ತೆಗೆದುಕೊಂಡು, ಯಾವ ಕ್ಲಸ್ಟರಿನ ಒಳಗೆ ಡಿಎಚ್‌ಎಡಿಯ ಎರಡನೇ ಪ್ರತಿ ಕೂತಿದೆ ಅಂತ ಹುಡುಕಿದರು. ಆಸ್ಪರ್‌ಜಿಲಸ್ ಟೆರಿಯಸ್‌ನಲ್ಲಿ ಸಿಕ್ಕಿತು. ಪುಟ್ಟ ಕ್ಲಸ್ಟರ್, ನಾಲ್ಕೇ ಜೀನ್. ಒಂದು ಚೌಕಟ್ಟು ಕಟ್ಟುವುದು, ಎರಡು ಅದಕ್ಕೆ ಆಮ್ಲಜನಕ ಸೇರಿಸಿ ತಿದ್ದುವಂಥವು, ನಾಲ್ಕನೆಯದೇ ಡಿಎಚ್‌ಎಡಿಯ ಪ್ರತಿ. ಮೊದಲ ಮೂರನ್ನು ಯೀಸ್ಟಿಗೆ ಹಾಕಿದರು. ಯೀಸ್ಟ್ ಆಸ್ಪ್‌ಟೆರಿಕ್ ಆಮ್ಲ ಮಾಡಿತು. ಆ ಆಮ್ಲ ಸಸ್ಯದ ಡಿಎಚ್‌ಎಡಿಯನ್ನು ಕಟ್ಟಿಹಾಕಿತು, ಗಿಡ ಬೆಳೆಯುವುದು ನಿಂತಿತು. ನಾಲ್ಕನೇ ಜೀನಿನ ಎಂಜೈಮಿಗೆ ಮಾತ್ರ ಏನೂ ಆಗಲಿಲ್ಲ. ಆಮೇಲೆ ಆ ನಾಲ್ಕನೇ ಜೀನನ್ನು ಪ್ರಯೋಗಶಾಲೆಗಳಲ್ಲಿ ಬಳಸುವ ಅರಾಬಿಡಾಪ್ಸಿಸ್ ಅನ್ನುವ ಪುಟ್ಟ ಗಿಡಕ್ಕೆ ಸೇರಿಸಿದರು. ಆ ಗಿಡ ಆಸ್ಪ್‌ಟೆರಿಕ್ ಆಮ್ಲ ಸಿಂಪಡಿಸಿದರೂ ಬೆಳೆಯಿತು. ಒಂದೇ ಕ್ಲಸ್ಟರಿನಿಂದ ಕಳೆನಾಶಕವೂ ಬಂತು, ಬೆಳೆಯನ್ನು ಅದರಿಂದ ಕಾಯುವ ಜೀನೂ ಬಂತು.

ಈ ಅಣು ಹೊಸದೇನಲ್ಲ, ಮುಂಚೆಯೇ ಗೊತ್ತಿತ್ತಲ್ಲ ಅಂತ ಕೆಲವರು ಮೂಗು ಮುರಿಯುತ್ತಾರೆ. ಆಸ್ಪ್‌ಟೆರಿಕ್ ಆಮ್ಲ ದಶಕಗಳ ಹಿಂದೆಯೇ ಸಿಕ್ಕಿತ್ತು ಅನ್ನುವುದು ನಿಜ. ಇದೇ ಉಪಾಯ ಮಾಡಿ ಬ್ರ್ಯಾಡ್ಲಿ ಮೂರ್ ತಂಡ 2015ರಲ್ಲಿ ಸಮುದ್ರದ ಸಾಲಿನಿಸ್ಪೋರ ಬ್ಯಾಕ್ಟೀರಿಯಾಗಳ 86 ಜೀನೋಮ್‌ಗಳನ್ನು ಜಾಲಾಡಿದಾಗಲೂ ಸಿಕ್ಕಿದ್ದು 1980ರ ದಶಕದಿಂದ ಗೊತ್ತಿದ್ದ ಥಿಯೊಲ್ಯಾಕ್ಟೊಮೈಸಿನ್ ಅನ್ನುವ ಆಂಟಿಬಯೋಟಿಕ್. ಆದರೆ ನನಗೆ ಇದು ಸೋಲು ಅಂತ ಅನ್ನಿಸುವುದೇ ಇಲ್ಲ. ಆಸ್ಪ್‌ಟೆರಿಕ್ ಆಮ್ಲ ಯಾರದೋ ಕಪಾಟಿನಲ್ಲಿ ಇತ್ತು, ಅದು ಗಿಡದ ಬೆಳವಣಿಗೆ ತಡೆಯುತ್ತದೆ ಅಂತಲೂ ಗೊತ್ತಿತ್ತು. ಹೇಗೆ ತಡೆಯುತ್ತದೆ ಅನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಹೇಳಿದ್ದು ಪಕ್ಕದ ಜೀನ್. ಇನ್ನು ಹೊಸ ಅಣುವೇ ಬೇಕು ಅನ್ನುವವರಿಗೂ ಉದಾಹರಣೆ ಇದೆ. ಜರ್ಮನಿಯ ರೋಲ್ಫ್ ಮ್ಯೂಲರ್ ತಂಡ 2018ರಲ್ಲಿ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಒಂದು ಮಿಕ್ಸೊಬ್ಯಾಕ್ಟೀರಿಯಾದಿಂದ ಪಿಕ್ಸಿಡಿಸೈಕ್ಲಿನ್‌ಗಳನ್ನು ತೆಗೆಯಿತು. ಡಿಎನ್‌ಎ ಸುರುಳಿ ಬಿಡಿಸುವ ಟೋಪೊಐಸೊಮರೇಸ್ ಎಂಜೈಮ್‌ಗಳನ್ನು ಹಿಡಿಯುವ ಅಣುಗಳು ಅವು, ಅದುವರೆಗೆ ಯಾರೂ ಕಂಡಿರಲಿಲ್ಲ.

ಈ ಸುಳಿವಿಗೂ ಮಿತಿ ಇದೆ. ಎಲ್ಲ ಕ್ಲಸ್ಟರಿನಲ್ಲೂ ಇಂಥ ಪ್ರತಿ ಇರುವುದಿಲ್ಲ. ಎಷ್ಟೋ ಜೀವಿಗಳು ವಿಷವನ್ನು ಕೂಡಲೇ ಆಚೆ ತಳ್ಳಿ ಬದುಕುತ್ತವೆ, ಆಗ ಕಾಣುವುದು ಸಾಗಿಸುವ ಪ್ರೋಟೀನ್ ಅಷ್ಟೇ, ಅದರಿಂದ ಏನೂ ಹೇಳುವುದಕ್ಕೆ ಆಗುವುದಿಲ್ಲ. ಎರಡನೇ ಪ್ರತಿ ಇದ್ದರೂ ಕೆಲವು ಸಲ ಅದು ಅಣು ಕಟ್ಟುವುದಕ್ಕೇ ಬೇಕಾದ ಎಂಜೈಮ್ ಆಗಿರಬಹುದು. ಆದರೂ ಸಾವಿರ ಕ್ಲಸ್ಟರ್ ಮುಂದಿದ್ದಾಗ ಮೊದಲು ಯಾವುದನ್ನು ಮುಟ್ಟಬೇಕು ಅಂತ ನನ್ನನ್ನು ಕೇಳಿದರೆ, ಇಂಥ ಜೀನ್ ಇರುವುದನ್ನು ಅಂತ ಎರಡನೇ ಮಾತಿಲ್ಲದೆ ಹೇಳುತ್ತೇನೆ.

ಗಿಡಗಳ ವಿಷಯಕ್ಕೆ ಬಂದರೆ ಆಟವೇ ಬೇರೆ. ಅಲ್ಲೂ ಕೆಲವು ಕ್ಲಸ್ಟರ್‌ಗಳಿವೆ. 1997ರಲ್ಲಿ ಮೆಕ್ಕೆಜೋಳದಲ್ಲಿ ಒಂದು ಸಿಕ್ಕಿತು, 2012ರಲ್ಲಿ ಗಸಗಸೆ ಗಿಡದಲ್ಲಿ ನೊಸ್ಕಾಪಿನ್ ಅನ್ನುವ ಅಣು ಮಾಡುವ 10 ಜೀನ್‌ಗಳ ಕ್ಲಸ್ಟರ್ ಸಿಕ್ಕಿತು. ಆದರೆ ಬಹಳಷ್ಟು ಸಲ ಗಿಡದ ಜೀನ್‌ಗಳು ಕ್ರೋಮೋಸೋಮ್‌ಗಳಲ್ಲಿ ಎಲ್ಲೆಲ್ಲೋ ಚದುರಿರುತ್ತವೆ. ಪಕ್ಕದಲ್ಲಿ ನೋಡಿದರೆ ಏನೂ ಸಿಗದು. ಗೋಧಿಯಂಥ ಗಿಡದ ಜೀನೋಮ್ ಮನುಷ್ಯರದಕ್ಕಿಂತ ಐದು ಪಟ್ಟು ದೊಡ್ಡದು, ಹುಡುಕಿ ಮುಗಿಯುವುದಿಲ್ಲ.

ಅಲ್ಲಿ ಜನ ಜಾಗ ನೋಡುವುದು ಬಿಟ್ಟು ಹೊತ್ತು ನೋಡುತ್ತಾರೆ. ಯಾವ ಜೀನ್‌ಗಳು ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಮಲಗುತ್ತವೆ? ಸ್ಟ್ಯಾನ್‌ಫರ್ಡ್‌ನ ವಾರೆನ್ ಲಾವ್ ಮತ್ತು ಎಲಿಜಬೆತ್ ಸ್ಯಾಟ್ಲಿ 2015ರಲ್ಲಿ ಮೇ ಆಪಲ್ ಗಿಡದಲ್ಲಿ ಮಾಡಿದ್ದು ಅದನ್ನೇ. ಎಟೊಪೊಸೈಡ್ ಅನ್ನುವ ಕ್ಯಾನ್ಸರ್ ಔಷಧಕ್ಕೆ ಮೂಲವಾದ ಪೊಡೊಫಿಲ್ಲೊಟಾಕ್ಸಿನ್ ಈ ಗಿಡದಿಂದ ಬರುತ್ತದೆ. ಎಲೆಗೆ ಗಾಯ ಮಾಡಿದರೆ ಗಿಡ ಈ ಅಣುವನ್ನು ಜಾಸ್ತಿ ಮಾಡುತ್ತದೆ. ಗಾಯಕ್ಕೆ ಮುಂಚೆ, ಗಾಯದ ಮೇಲೆ ಯಾವ ಜೀನ್‌ಗಳು ಚುರುಕಾದವು ಅಂತ ಹೋಲಿಸಿ ನೋಡಿದರು. ಅನುಮಾನ ಬಂದ ಜೀನ್‌ಗಳನ್ನು ತಂಬಾಕಿನ ಹತ್ತಿರದ ಸಂಬಂಧಿ ನಿಕೋಟಿಯಾನ ಬೆಂಥಾಮಿಯಾನದ ಎಲೆಗೆ ಹಾಕಿ, ಬೇರೆ ಬೇರೆ ಜೋಡಿ ಮಾಡಿ, ಏನು ಅಣು ಬರುತ್ತದೆ ಅಂತ ಪರೀಕ್ಷೆ ಮಾಡಿದರು. ಗೊತ್ತಿಲ್ಲದ ಆರು ಎಂಜೈಮ್‌ಗಳು ಸಿಕ್ಕಿದವು, ಎಟೊಪೊಸೈಡ್‌ಗೆ ಬೇಕಾದ ಅಣು ತಂಬಾಕಿನ ಎಲೆಯಲ್ಲೇ ತಯಾರಾಯಿತು. ಇದೇ ಪ್ರಯೋಗಶಾಲೆ 2020ರಲ್ಲಿ ಗೌರಿ ಹೂವಿನ ಗಿಡದಲ್ಲಿ ಕಾಲ್ಚಿಸಿನ್ ಅನ್ನುವ ಔಷಧ ತಯಾರಾಗುವ ದಾರಿಯನ್ನೂ ಹೀಗೇ ಬಿಡಿಸಿತು.

ಇಂಥ ಕೆಲಸ ಯಾಕೆ ಮುಖ್ಯ ಅಂದರೆ, ಗಿಡದಲ್ಲಿ ಅಣು ಇರುವುದೇ ಚಿಟಿಕೆಯಷ್ಟು. ನಿತ್ಯಪುಷ್ಪದಲ್ಲಿ ಸಿಗುವ ವಿನ್‌ಬ್ಲಾಸ್ಟಿನ್ ರಕ್ತದ ಕ್ಯಾನ್ಸರ್‌ಗಳಿಗೆ ಕೊಡುವ ಔಷಧ. 1 ಗ್ರಾಂ ತೆಗೆಯುವುದಕ್ಕೆ ಸುಮಾರು 500 ಕಿಲೋ ಒಣ ಎಲೆ ಬೇಕು. ಅದರ ಪೂರ್ತಿ ದಾರಿಯ ಕೊನೆಯ ಎಂಜೈಮ್‌ಗಳು ಸಿಕ್ಕಿದ್ದು 2018ರಲ್ಲಿ, ಸಾರಾ ಓಕಾನರ್ ಅವರ ತಂಡಕ್ಕೆ. 2022ರಲ್ಲಿ ಜೇ ಕೀಸ್ಲಿಂಗ್ ತಂಡ 34 ಹೊರಗಿನ ಜೀನ್‌ಗಳನ್ನು ಯೀಸ್ಟಿಗೆ ಸೇರಿಸಿ ವಿನ್‌ಬ್ಲಾಸ್ಟಿನ್‌ನ ಎರಡು ಅರ್ಧಗಳನ್ನು ಅದರಿಂದ ಮಾಡಿಸಿತು, ಆಮೇಲೆ ಎರಡನ್ನೂ ರಾಸಾಯನಿಕವಾಗಿ ಜೋಡಿಸಿತು. ಸಿಕ್ಕಿದ ಪ್ರಮಾಣ ಲೀಟರಿಗೆ ಮೈಕ್ರೊಗ್ರಾಂ ಲೆಕ್ಕ. ಎಲೆಯನ್ನು ಬದಲಿಸುವುದಕ್ಕೆ ಇನ್ನೂ ತುಂಬ ದೂರ ಇದೆ. ಆದರೂ ಈ ಔಷಧ ನಂಬಿಕೊಂಡ ರೋಗಿಗಳಿಗೆ ಒಂದೇ ಗಿಡದ ಬೆಳೆಯನ್ನು ನೆಚ್ಚಿಕೊಂಡಿರದ ಎರಡನೇ ದಾರಿ ಇರುವುದು ಒಳ್ಳೆಯದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಕೆಲವು ಸಲ ಜೀನೋಮ್ ಹೇಳುವುದು ಅಣುವಿನ ನಿಜವಾದ ಮಾಲೀಕ ಯಾರು ಅಂತ. ಥಿಯೊನೆಲ್ಲ ಸ್ವಿನ್‌ಹೋಯಿ ಅನ್ನುವ ಸಮುದ್ರದ ಸ್ಪಂಜಿನಿಂದ ವಿಚಿತ್ರವಾದ ಹತ್ತಾರು ಅಣುಗಳು ಬಂದಿದ್ದವು. 2014ರಲ್ಲಿ ಯೋರ್ನ್ ಪೀಲ್ ತಂಡ ತೋರಿಸಿದ ಪ್ರಕಾರ, ಹಳದಿ ಬಗೆಯ ಸ್ಪಂಜಿನ ಹೆಚ್ಚುಕಡಿಮೆ ಎಲ್ಲ ಅಣುಗಳನ್ನೂ ಮಾಡುತ್ತಿದ್ದದ್ದು ಅದರೊಳಗೆ ವಾಸವಿದ್ದ ಎಂಟೊಥಿಯೊನೆಲ್ಲ ಅನ್ನುವ ಒಂದೇ ಬ್ಯಾಕ್ಟೀರಿಯಾ. ಅದನ್ನು ಇಂದಿಗೂ ಮಾಮೂಲಿ ರೀತಿಯಲ್ಲಿ ಬೆಳೆಸುವುದಕ್ಕೆ ಆಗಿಲ್ಲ. ಜೀನೋಮ್ ಓದದೇ ಇದ್ದರೆ ನಾವು ಇನ್ನೂ ಸ್ಪಂಜನ್ನೇ ಅರೆಯುತ್ತಾ ಕೂತಿರುತ್ತಿದ್ದೆವು.

ಬೆಳೆಸುವುದನ್ನೇ ಪೂರ್ತಿ ಬಿಟ್ಟವರೂ ಇದ್ದಾರೆ. ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಶಾನ್ ಬ್ರೇಡಿ ತಂಡ ಕ್ಲಸ್ಟರ್ ಓದಿ, ಅಣು ಹೀಗಿರಬೇಕು ಅಂತ ಊಹಿಸಿ, ಅದನ್ನು ನೇರವಾಗಿ ರಾಸಾಯನಿಕವಾಗಿ ಕಟ್ಟುತ್ತದೆ. ಜೀವಿಯನ್ನು ಎಬ್ಬಿಸುವ ತಲೆನೋವೇ ಇಲ್ಲ. 2022ರಲ್ಲಿ ಹೀಗೆ ಸಿಕ್ಕಿದ್ದು ಸಿಲಾಜಿಸಿನ್. ಬ್ಯಾಕ್ಟೀರಿಯಾದ ಗೋಡೆ ಕಟ್ಟುವುದಕ್ಕೆ ಬೇಕಾದ ಎರಡು ಅಣುಗಳನ್ನು ಒಟ್ಟಿಗೆ ಹಿಡಿಯುತ್ತದೆ, ಆದ್ದರಿಂದ ಪ್ರಯೋಗಶಾಲೆಯಲ್ಲಿ ಬ್ಯಾಕ್ಟೀರಿಯಾಗಳಲ್ಲಿ ಅದಕ್ಕೆ ನಿರೋಧ, ಅಂದರೆ ಅದನ್ನು ತಡೆದುಕೊಳ್ಳುವ ಶಕ್ತಿ, ಹುಟ್ಟಿದ್ದು ಕಾಣಲಿಲ್ಲ. ರಕ್ತದ ಪ್ರೋಟೀನಿಗೆ ಅಂಟಿಕೊಳ್ಳುತ್ತಿದ್ದದ್ದರಿಂದ ಅದರ ಬಾಲ ಬದಲಿಸಬೇಕಾಯಿತು, ಆಮೇಲೆ ಇಲಿಗಳಲ್ಲಿ ಕೆಲಸ ಮಾಡಿತು. ಊಹೆ ಅಲ್ಪಸ್ವಲ್ಪ ತಪ್ಪಿದರೆ, ಸೀಲಿಕೆಲಿನ್‌ನ ನಾಲ್ಕನೇ ಮಣಿಯ ಹಾಗೆ ಏನಾದರೂ ಬಿಟ್ಟುಹೋದರೆ, ಕಟ್ಟಿದ್ದು ನಿಸರ್ಗದ ಅಣು ಆಗಿರುವುದಿಲ್ಲ. ಆದರೆ ಕೆಲಸ ಮಾಡಿದರೆ ರೋಗಿಗೆ ಅದರಿಂದೇನು?

ಒಂದು ವಿಷಯ ಹೇಳದೆ ಮುಗಿಸುವುದಕ್ಕೆ ಮನಸ್ಸಿಲ್ಲ. ಈ ಜೀನೋಮ್‌ಗಳು ಯಾರದೋ ಕಾಡಿನ ಗಿಡದ್ದು, ಯಾರದೋ ಹೊಲದ ಮಣ್ಣಿನದ್ದು. ಮುಂಚೆ ಗಿಡ ತರಬೇಕಿತ್ತು, ಮಣ್ಣು ತರಬೇಕಿತ್ತು, ಅದಕ್ಕೆ ಅನುಮತಿ ಬೇಕಿತ್ತು. 2010ರ ನಗೋಯಾ ಒಪ್ಪಂದ ಬಂದಿದ್ದೇ ಲಾಭದಲ್ಲಿ ಅವರಿಗೂ ಪಾಲು ಸಿಗಲಿ ಅಂತ. ಈಗ ಡಿಎನ್‌ಎ ಅಕ್ಷರಗಳನ್ನು ಡೌನ್‌ಲೋಡ್ ಮಾಡಿದರೆ ಆಯ್ತು, ಎಲೆಯನ್ನೂ ಮುಟ್ಟಬೇಕಿಲ್ಲ. 2024ರಲ್ಲಿ ಕೊಲಂಬಿಯಾದ ಕಾಲಿಯಲ್ಲಿ ನಡೆದ ಜೀವವೈವಿಧ್ಯ ಸಮ್ಮೇಳನದಲ್ಲಿ ಇದಕ್ಕೆ ಕಾಲಿ ನಿಧಿ ಅಂತ ಒಂದನ್ನು ಒಪ್ಪಿಕೊಂಡರು. ಇಂಥ ಮಾಹಿತಿಯಿಂದ ಹಣ ಮಾಡುವ ದೊಡ್ಡ ಕಂಪನಿಗಳು ಲಾಭದ ಶೇ. 1 ಅಥವಾ ಆದಾಯದ ಶೇ. 0.1 ಕೊಡಬೇಕು ಅಂತ ಸೂಚನೆ. ಕಡ್ಡಾಯ ಅಲ್ಲ. ಕಡ್ಡಾಯ ಆಗಬೇಕು ಅನ್ನುವುದು ನನ್ನ ಅಭಿಪ್ರಾಯ. ಅದೇ ಹೊತ್ತಿಗೆ ಜೀನೋಮ್ ಮಾಹಿತಿ ಎಲ್ಲರಿಗೂ ತೆರೆದೇ ಇರಬೇಕು. ಈ ಬರಹದಲ್ಲಿ ಹೇಳಿದ ಕೆಲಸಗಳಲ್ಲಿ ಎಷ್ಟೋ, ಬೇರೆಯವರು ತೆರೆದಿಟ್ಟ ಜೀನೋಮ್‌ಗಳಿಂದಲೇ ಆಗಿದ್ದು.

ತೆರೆದಿಡುವ ಮಾತು ಬಂದಿದ್ದಕ್ಕೆ, ಈ ಕೆಲಸದಲ್ಲಿ ಇರುವವರಿಗೆ ಒಂದು ಕೋರಿಕೆ. ಮಿಬಿಗ್ ಅಂತ ಒಂದು ಸಂಗ್ರಹ ಇದೆ, 2015ರಲ್ಲಿ ಶುರುವಾಗಿದ್ದು. ಯಾವ ಕ್ಲಸ್ಟರ್ ಯಾವ ಅಣು ಮಾಡುತ್ತದೆ ಅಂತ ಪ್ರಯೋಗದಿಂದ ಸಾಬೀತಾದದ್ದನ್ನು ಅಲ್ಲಿ ದಾಖಲು ಮಾಡುತ್ತಾರೆ. ಆಂಟಿಸ್ಮ್ಯಾಶ್‌ನಲ್ಲಿ ಈ ಕ್ಲಸ್ಟರ್ ಇಂಥದ್ದನ್ನು ಹೋಲುತ್ತದೆ ಅಂತ ಬರುತ್ತದಲ್ಲ, ಆ ಹೋಲಿಕೆ ಅಲ್ಲಿಂದಲೇ. ನಿಮ್ಮ ಕ್ಲಸ್ಟರಿನ ಅಣು ಸಿಕ್ಕಿದ್ದರೆ ಅಲ್ಲಿಗೆ ಸೇರಿಸಿ, ಪಕ್ಕದಲ್ಲಿ ನಿರೋಧದ ಜೀನ್, ಅಂದರೆ ವಿಷ ತಾಗದ ಆ ಎರಡನೇ ಪ್ರತಿ, ಇದ್ದು ಅದನ್ನು ನೀವು ಪರೀಕ್ಷೆ ಮಾಡಿದ್ದರೆ ಅದನ್ನೂ ಬರೆಯಿರಿ. ಎರಡನೇ ಪ್ರತಿ ಅಂದುಕೊಂಡದ್ದು ನಿರೋಧದ ಜೀನ್ ಅಲ್ಲ ಅಂತ ಗೊತ್ತಾಗಿದ್ದರೂ ಲೇಖನದಲ್ಲಿ ಒಂದು ಸಾಲು ಹಾಕಿ. ಮುಂದೆ ಅದೇ ಜೀನ್ ನೋಡಿ ಯಾರೋ ಎರಡು ವರ್ಷ ಕೆಲಸಕ್ಕೆ ಇಳಿಯುವ ಮುಂಚೆ ಆ ಸಾಲು ಅವರ ಕಣ್ಣಿಗೆ ಬೀಳಲಿ.